ಹಾವಿಲ್ಲದ ಗಾಜಿನ ಮುಂದೆ

ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಒಂದು ದಿನ ಚಾರ್ಲ್ಸ್ ಡಾರ್ವಿನ್ ಹಾವಿನ ಗೂಡಿನ ಮುಂದೆ ನಿಂತ. ಒಳಗಿದ್ದದ್ದು ಆಫ್ರಿಕಾದ ಪಫ್ ಆ್ಯಡರ್, ನಮ್ಮ ಕೊಳಕುಮಂಡಲದ ನೆಂಟ. ನಡುವೆ ದಪ್ಪ ಗಾಜು. ಹಾವು ಮೇಲೆರಗಿದರೂ ಕದಲುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿ ಆತ ಮುಖವನ್ನು ಗಾಜಿನ ಹತ್ತಿರಕ್ಕೆ ತಂದ. ಹಾವು ಎರಗಿತು. ಮರುಕ್ಷಣ ಡಾರ್ವಿನ್ ಒಂದೆರಡು ಗಜ ಹಿಂದಕ್ಕೆ ಹಾರಿದ್ದ. ಮನುಷ್ಯರು ಮತ್ತು ಪ್ರಾಣಿಗಳು ಭಾವಗಳನ್ನು ಹೇಗೆ ತೋರಿಸುತ್ತಾರೆ ಎಂಬ ಬಗ್ಗೆ 1872ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವನೇ ಇದನ್ನು ಬರೆದುಕೊಂಡಿದ್ದಾನೆ. ಎಂದೂ ಅನುಭವಿಸಿರದ ಅಪಾಯವೊಂದರ ಕಲ್ಪನೆಯ ಎದುರು ತನ್ನ ಸಂಕಲ್ಪ, ಬುದ್ಧಿ ಎರಡೂ ಏನೂ ಮಾಡಲಾಗದೆ ಹೋದವು ಎಂಬುದು ಅವನ ಮಾತಿನ ತಾತ್ಪರ್ಯ.

ಹಾರಿದವರು ಯಾರು? ಗಾಜು ದಪ್ಪವಿದೆ ಎಂದು ಗೊತ್ತಿದ್ದ ಡಾರ್ವಿನ್ ಅಂತೂ ಅಲ್ಲ. ಅವನಿಗಿಂತ ಮೊದಲೇ, ಅವನನ್ನು ಒಂದು ಮಾತೂ ಕೇಳದೆ, ಅವನದೇ ಕಾಲುಗಳಿಂದ ಇನ್ನಾರೋ ಹಾರಿಬಿಟ್ಟಿದ್ದರು. ನಮ್ಮೆಲ್ಲರೊಳಗೂ ಹೀಗೆ ಅಪ್ಪಣೆಗೆ ಕಾಯದ ಒಬ್ಬ ಕಾವಲುಗಾರ ಇದ್ದಾನೆ. ಕೋಟ್ಯಂತರ ವರ್ಷಗಳ ಹಿಂದೆ ಕೆಲಸಕ್ಕೆ ಸೇರಿದವನು, ಒಂದು ದಿನವೂ ರಜೆ ಹಾಕದವನು.

ಡಾರ್ವಿನ್‌ಗೆ ಇವನ ಪರಿಚಯ ಬಹಳ ಹಿಂದೆಯೇ ಆಗಿತ್ತು ಎನ್ನಬಹುದೇನೋ. 1831ರಲ್ಲಿ ಬೀಗಲ್ ಹಡಗು ಹೊರಡುವುದನ್ನೇ ಕಾಯುತ್ತ ಪ್ಲಿಮತ್ ಬಂದರಿನಲ್ಲಿದ್ದಾಗ ಆ 22 ವರ್ಷದ ಹುಡುಗನಿಗೆ ಎದೆ ಹೊಡೆದುಕೊಳ್ಳತೊಡಗಿತು, ಎದೆಯ ಹತ್ತಿರ ನೋವೂ ಕಾಣಿಸಿಕೊಂಡಿತು. ಇದು ಹೃದ್ರೋಗವೇ ಎಂದು ಅವನು ತೀರ್ಮಾನಿಸಿಕೊಂಡ. ವೈದ್ಯರ ಬಳಿಗೆ ಹೋದರೆ ಪ್ರಯಾಣ ಬೇಡ ಎಂದುಬಿಡುತ್ತಾರೆಂದು ಯಾರಿಗೂ ತೋರಿಸದೆ ಹಡಗು ಹತ್ತಿದ. ಆಮೇಲೆ ಐವತ್ತು ವರ್ಷ ಬದುಕಿದ. ಅವನನ್ನು ಜೀವನವಿಡೀ ಕಾಡಿದ ಅನಾರೋಗ್ಯ ಯಾವುದು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅದು ಪ್ಯಾನಿಕ್, ಅಂದರೆ ದಿಢೀರನೆ ಎರಗುವ ಭಯದ ದಾಳಿ, ಎಂದು ವಾದಿಸಿದ ವೈದ್ಯರೂ ಇದ್ದಾರೆ.

ಗಾಜಿನ ಆಚೆ ಹಾವಿದ್ದಾಗ ಹಾರುವುದು ಅರ್ಥವಾಗುವ ಮಾತು. ಹಾವೂ ಇಲ್ಲ, ಗಾಜೂ ಇಲ್ಲ, ಆದರೂ ದೇಹ ಹಾರುತ್ತದೆ ಎಂದರೆ?

ರಾತ್ರಿ ಎರಡು ಗಂಟೆ ಎಂದಿಟ್ಟುಕೊಳ್ಳಿ. ಊರು ಮಲಗಿದೆ. ನಲವತ್ತರ ಆಸುಪಾಸಿನ ಗೃಹಸ್ಥರೊಬ್ಬರು ದಡಕ್ಕನೆ ಎದ್ದು ಕೂರುತ್ತಾರೆ. ಕೆಟ್ಟ ಕನಸೇನೂ ಬಿದ್ದಿಲ್ಲ. ಎದೆ ಡವಡವ ಎನ್ನುತ್ತಿದೆ, ಅಂಗಿ ಬೆವರಿಗೆ ಬೆನ್ನಿಗಂಟಿದೆ, ಅಂಗೈ ಅಂಗಾಲು ತಣ್ಣಗಾಗಿವೆ, ಉಸಿರು ಎಷ್ಟು ಎಳೆದರೂ ಸಾಲದು. ಬೆರಳ ತುದಿ ಜೋಮು ಹಿಡಿದಿದೆ. ಹೆಂಡತಿ ದೀಪ ಹಾಕಿ, "ಏನಾಯ್ತು ರೀ?" ಎನ್ನುತ್ತಾರೆ. ಉತ್ತರ ಹೇಳಲು ನಾಲಿಗೆ ಏಳುವುದಿಲ್ಲ. "ಗ್ಯಾಸ್ ಇರಬೇಕು" ಎಂದು ಅಡುಗೆಮನೆಗೆ ಓಡಿ ಓಮಿನ ನೀರು ಕಾಯಿಸುತ್ತಾರೆ. ಅದು ಕುದಿಯುವ ಮೊದಲೇ ಗಂಡ, "ನನಗ್ಯಾಕೋ ಉಳಿಯಲ್ಲ ಅನ್ನಿಸ್ತಿದೆ" ಎನ್ನುತ್ತಾರೆ. ಎದುರುಮನೆಯವರನ್ನು ಎಬ್ಬಿಸಿ, ಅವರ ಕಾರಿನಲ್ಲಿ ಆಸ್ಪತ್ರೆಗೆ ಹೋಗುತ್ತಾರೆ. ದಾರಿಯುದ್ದಕ್ಕೂ ಹೆಂಡತಿ ಬಾಯಲ್ಲಿ ಮನೆದೇವರ ಹೆಸರು. ಆಸ್ಪತ್ರೆಯ ಬೆಡ್ಡಿನ ಮೇಲೆ ಮಲಗಿಸಿ ಎದೆಗೆ ತಂತಿಗಳನ್ನು ಅಂಟಿಸುವ ಹೊತ್ತಿಗೆ ಬಿರುಗಾಳಿ ಅರ್ಧ ಇಳಿದಿರುತ್ತದೆ. ಇಸಿಜಿ ಸರಿಯಾಗಿದೆ. ಡ್ಯೂಟಿ ಡಾಕ್ಟರು ಕಾಗದವನ್ನು ಮಡಿಸುತ್ತ, "ಏನೂ ಇಲ್ಲ ಸರ್, ಟೆನ್ಷನ್ ಅಷ್ಟೆ. ಆರಾಮಾಗಿರಿ" ಎನ್ನುತ್ತಾರೆ.

ಮನೆಗೆ ಮರಳುವಾಗ ಆ ಮನುಷ್ಯನಿಗೆ ಸಮಾಧಾನಕ್ಕಿಂತ ನಾಚಿಕೆ ಹೆಚ್ಚು. ಸಾವಿನ ಬಾಗಿಲನ್ನು ಕಣ್ಣಾರೆ ಕಂಡು ಬಂದವರಿಗೆ ಅಲ್ಲಿ ಬಾಗಿಲೇ ಇರಲಿಲ್ಲ ಎಂದರೆ ಹೇಗೆ? ಹೃದಯಕ್ಕೆ ಏನೂ ಆಗಿಲ್ಲ ಎಂಬುದು ನಿಜ. ಏನೂ ಆಗಲೇ ಇಲ್ಲ ಎಂಬುದು ನಿಜವಲ್ಲ. ಆದದ್ದು ಬಹಳ ಇದೆ. ಅದನ್ನು ಯಾರಾದರೂ ಒಂದು ಹತ್ತು ನಿಮಿಷ ಕೂರಿಸಿ ವಿವರಿಸಿದ್ದರೆ ಆ ರಾತ್ರಿಯ ಅರ್ಧ ಭಾರ ಅಲ್ಲೇ ಇಳಿಯುತ್ತಿತ್ತು.

ಮಿದುಳಿನ ಎರಡೂ ಪಾರ್ಶ್ವಗಳಲ್ಲಿ, ಕಿವಿಗಳ ನೇರಕ್ಕೆ ಒಳಗೆ, ಬಾದಾಮಿ ಆಕಾರದ ಅಮಿಗ್ಡಲಾ ಇದೆ. ಅಪಾಯದ ಸುಳಿವು ಸಿಕ್ಕರೆ ಸಾಕು, ಬುದ್ಧಿ ಕಣ್ಣುಜ್ಜಿಕೊಂಡು ಏಳುವ ಮೊದಲೇ ಅಲ್ಲಿಂದ ಸುದ್ದಿ ಹೊರಡುತ್ತದೆ. ಮೂತ್ರಪಿಂಡಗಳ ಮೇಲೆ ಕೂತಿರುವ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಓಡಬೇಕಾದೀತು ಎಂದು ಹೃದಯ ವೇಗ ಹೆಚ್ಚಿಸಿ ತೊಡೆಯ ಸ್ನಾಯುಗಳಿಗೆ ರಕ್ತ ದಬ್ಬುತ್ತದೆ. ಚರ್ಮಕ್ಕೂ ಹೊಟ್ಟೆಗೂ ಹೋಗುವ ರಕ್ತ ಕಡಿತವಾಗುತ್ತದೆ. ಆದ್ದರಿಂದಲೇ ಕೈ ತಣ್ಣಗಾಗುವುದು, ಮುಖ ಬಿಳಿಚಿಕೊಳ್ಳುವುದು, ಹೊಟ್ಟೆ ಕಲಸಿದಂತಾಗುವುದು. ಓಡಿದರೆ ಮೈ ಕಾಯುತ್ತದಲ್ಲ, ಅದಕ್ಕೆ ಮುಂಚಿತವಾಗಿಯೇ ಬೆವರು ಹೊರಡುತ್ತದೆ. ಎಷ್ಟು ಮುಂದಾಲೋಚನೆ! ಕಣ್ಣಿನ ಪಾಪೆ ಅಗಲವಾಗುತ್ತದೆ. ಬಿಗಿದ ಸ್ನಾಯುಗಳು ಓಡಲು ಜಾಗ ಸಿಗದೆ ನಡುಗುತ್ತವೆ. ಹಾರ್ವರ್ಡಿನ ವಾಲ್ಟರ್ ಕ್ಯಾನನ್ 1915ರಲ್ಲಿ ಬರೆದ ಪುಸ್ತಕದಿಂದ ಈ ಏರ್ಪಾಡು ಲೋಕಕ್ಕೆಲ್ಲ ಪರಿಚಯವಾಯಿತು. ಹೋರಾಡು, ಇಲ್ಲವೇ ಓಡು ಎಂಬ ಸಿದ್ಧತೆ ಇದು.

ಎಲ್ಲಕ್ಕಿಂತ ವಿಚಿತ್ರ ಉಸಿರಿನದು. ಉಸಿರು ಸಾಲದು ಎಂದು ಜೋರಾಗಿ ಎಳೆಯುತ್ತಿರುವವರ ಬೆರಳಿಗೆ, ಕೋವಿಡ್ ಕಾಲದಲ್ಲಿ ತಂದಿಟ್ಟ ಆಕ್ಸಿಮೀಟರ್ ಸಿಕ್ಕಿಸಿ ನೋಡಿದರೆ ಸಾಮಾನ್ಯವಾಗಿ ಆಮ್ಲಜನಕಕ್ಕೆ ಯಾವ ಕೊರತೆಯೂ ಕಾಣುವುದಿಲ್ಲ. ಕಡಿಮೆಯಾಗಿರುವುದು ಇಂಗಾಲದ ಡೈಆಕ್ಸೈಡ್. ಓಡುವವನ ಸ್ನಾಯುಗಳು ಅದನ್ನು ಧಾರಾಳವಾಗಿ ಹುಟ್ಟಿಸುತ್ತವೆ, ಹಾಸಿಗೆಯಲ್ಲಿ ಕೂತವನಿಗೆ ಎಲ್ಲಿಂದ ಬರಬೇಕು? ಮೇಲೆ ಮೇಲೆ ಉಸಿರಾಡಿದಷ್ಟೂ ಅದು ಹೊರಗೆ ಹೋಗಿ, ರಕ್ತದ ಕ್ಷಾರಗುಣ ತುಸು ಏರುತ್ತದೆ. ರಕ್ತದಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ತಗ್ಗುತ್ತದೆ. ನರಗಳು ಸುಮ್ಮಸುಮ್ಮನೆ ಮಿಡಿಯತೊಡಗಿ ಬೆರಳಿನಲ್ಲಿ, ತುಟಿಯ ಸುತ್ತ ಜುಮುಜುಮು ಎನ್ನುತ್ತದೆ. ಮಿದುಳಿನ ರಕ್ತನಾಳಗಳು ಕುಗ್ಗಿ ತಲೆ ಹಗುರಾಗುತ್ತದೆ, ಎದುರಿಗಿರುವ ಗೋಡೆ, ಗಡಿಯಾರ, ಹೆಂಡತಿಯ ಮುಖ ಎಲ್ಲವೂ ನಿಜವೋ ಅಲ್ಲವೋ ಎನ್ನುವಂತೆ ದೂರ ಸರಿಯುತ್ತವೆ. "ತಲೆ ಸುತ್ತಿ ಬೀಳ್ತೀನಿ" ಎಂದು ಗೋಡೆ ಹಿಡಿಯುವವರೇ ಹೆಚ್ಚು. ಆದರೆ ಪ್ರಜ್ಞೆ ತಪ್ಪಬೇಕಾದರೆ ರಕ್ತದೊತ್ತಡ ಕುಸಿಯಬೇಕು. ಈ ಹೊತ್ತಿನಲ್ಲಿ ಅದು ಸಾಮಾನ್ಯವಾಗಿ ಏರಿರುತ್ತದೆ, ಆದ್ದರಿಂದ ಪ್ಯಾನಿಕ್‌ನಲ್ಲಿ ನಿಜವಾಗಿ ಬೀಳುವವರು ಅಪರೂಪ. ಇಷ್ಟೂ ಕೆಲವೇ ನಿಮಿಷಗಳಲ್ಲಿ ತುತ್ತತುದಿ ಮುಟ್ಟಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಅಡ್ರಿನಲಿನ್ನನ್ನು ದೇಹವೇ ಬೇಗ ಕರಗಿಸಿಬಿಡುತ್ತದೆ.

ಒಂದೊಂದು ಲಕ್ಷಣವನ್ನೂ ಬಿಡಿಯಾಗಿ ನೋಡಿದರೆ ಎಲ್ಲಿಯೂ ರೋಗವಿಲ್ಲ. ಹುಲಿ ಎದುರಾದ ದಿನ ಇದೇ ಡವಡವ, ಇದೇ ಬೆವರು ಜೀವ ಉಳಿಸುತ್ತಿತ್ತು. ಕಾವಲುಗಾರ ಕೆಲಸ ಮಾಡಿದ್ದಾನೆ, ಚೆನ್ನಾಗಿಯೇ ಮಾಡಿದ್ದಾನೆ. ಬರಬೇಕಿದ್ದ ಕಳ್ಳ ಮಾತ್ರ ಬಂದಿಲ್ಲ.

ಹಾಗೆಂದು ಎದೆ ಹಿಡಿದುಕೊಂಡವರಿಗೆಲ್ಲ "ಪ್ಯಾನಿಕ್ ಇರಬೇಕು, ಮಲಗು" ಎನ್ನುವಂತಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋಗಿಬಿಟ್ಟ ಮೇಲೆ ಬೆಂಗಳೂರಿನ ಹೃದಯದ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದ್ದು ನೆನಪಿರಬಹುದು. ಆ ಸಾಲನ್ನು ನೋಡಿ ನಕ್ಕವರೂ ಇದ್ದರು. ನಗುವಂಥದ್ದೇನಲ್ಲ ಅದು. ಎದೆನೋವು ಮೊದಲ ಸಲ ಬಂದಾಗ, ದಣಿದಾಗ ಹೆಚ್ಚಾದಾಗ, ಕೈಗೋ ದವಡೆಗೋ ಹರಿದಾಗ ಆಸ್ಪತ್ರೆಗೆ ಹೋಗುವುದೇ ಸರಿ. ಥೈರಾಯ್ಡ್ ಏರಿದ್ದರೂ, ಸಕ್ಕರೆ ಇಳಿದಿದ್ದರೂ, ಹೃದಯದ ಲಯ ತಪ್ಪಿದ್ದರೂ, ಉಬ್ಬಸವಿದ್ದರೂ, ಕೆಲವರಿಗೆ ಕಾಫಿ ಹೆಚ್ಚಾದರೂ ಹೀಗೆಯೇ ಆಗಬಹುದು. ಪರೀಕ್ಷೆ ಮಾಡಿಸಿ, ವೈದ್ಯರಿಂದ ಹೃದಯ ಸರಿಯಿದೆ ಎನ್ನಿಸಿಕೊಂಡ ಮೇಲೆ ನಮ್ಮ ಈ ಕಥೆ ಶುರುವಾಗುತ್ತದೆ.

ಏಕೆಂದರೆ ಅನೇಕರಿಗೆ ಅಲ್ಲಿಗೆ ಮುಗಿಯುವುದಿಲ್ಲ. ಮರುದಿನದಿಂದ ಕಿವಿ ಎದೆಯ ಮೇಲೇ. ಮೆಟ್ಟಿಲು ಹತ್ತಿದಾಗ ಬಡಿತ ಹೆಚ್ಚಾದರೆ, "ಶುರುವಾಯ್ತಾ?" ಆ ಒಂದು ಪ್ರಶ್ನೆ ಸಾಕು, ಬಡಿತ ಇನ್ನಷ್ಟು ಏರುತ್ತದೆ. ಏರಿದ್ದಕ್ಕೆ ಗಾಬರಿ, ಗಾಬರಿಗೆ ಇನ್ನಷ್ಟು ಬಡಿತ. 1986ರಲ್ಲಿ ಆಕ್ಸ್‌ಫರ್ಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಈ ಸುಳಿಯನ್ನು ಒಂದು ಲೇಖನದಲ್ಲಿ ಬಿಡಿಸಿಟ್ಟರು. ದೇಹದ ಸಾಮಾನ್ಯ ಸಂವೇದನೆಯೊಂದನ್ನು ಮಹಾವಿಪತ್ತು ಎಂದು ಓದಿಕೊಳ್ಳುವುದರಲ್ಲಿ ಅದರ ಬೀಜವಿದೆ ಎಂದರು. ಕಾವಲುಗಾರ ಈಗ ಹೊರಗಿನ ಕತ್ತಲನ್ನು ನೋಡುತ್ತಿಲ್ಲ, ತನ್ನದೇ ಹೆಜ್ಜೆ ಸಪ್ಪಳಕ್ಕೆ ಕೂಗು ಹಾಕುತ್ತಿದ್ದಾನೆ. ಕ್ರಮೇಣ ಜಾಗಗಳು ಒಂದೊಂದಾಗಿ ಕೈಬಿಡುತ್ತವೆ. ಲಿಫ್ಟ್ ಬೇಡ, ಮೆಟ್ರೊ ಬೇಡ, ಘಾಟಿ ರಸ್ತೆಯ ಬಸ್ಸಂತೂ ಬೇಡವೇ ಬೇಡ. ಮದುವೆಗೆ ಹೋದರೂ ಬಾಗಿಲ ಪಕ್ಕದ ಕುರ್ಚಿ, ಧಾರೆ ಮುಗಿಯುತ್ತಿದ್ದಂತೆ ಊಟ ಬಿಟ್ಟು ಮನೆಗೆ. ದಾಳಿ ನಡೆಯುವುದು ಯಾವಾಗಲೋ ಹತ್ತು ನಿಮಿಷ. ಅದು ಬಂದೀತು ಎಂಬ ಕಾಯುವಿಕೆ ಉಳಿದ ದಿನವನ್ನೆಲ್ಲ ತಿನ್ನುತ್ತದೆ.

ಇದನ್ನು ಒಂದು ಪ್ರತ್ಯೇಕ ಕಾಯಿಲೆ ಎಂದು ಗುರುತಿಸಲು ವೈದ್ಯಲೋಕಕ್ಕೂ ಕಾಲ ಹಿಡಿಯಿತು. ಅಮೆರಿಕದ ಅಂತರ್ಯುದ್ಧದಲ್ಲಿ ಎದೆಬಡಿತ, ಏದುಸಿರು, ಎದೆನೋವು ಎಂದು ಬಂದ ಸೈನಿಕರನ್ನು ಜೇಕಬ್ ಡ ಕೋಸ್ಟ ಎಂಬ ವೈದ್ಯ ಪರೀಕ್ಷಿಸಿದ. ಹೃದಯದಲ್ಲಿ ಹುಣ್ಣಿಲ್ಲ, ದೋಷವಿಲ್ಲ, ಆದರೂ ಅದು ಸಿಡಿಮಿಡಿಗೊಳ್ಳುತ್ತಿದೆ ಎಂದು 1871ರಲ್ಲಿ ಬರೆದ. ಜನ ಅದನ್ನು ಸೈನಿಕನ ಹೃದಯ ಎಂದೇ ಕರೆದರು. 1950ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಹಿಲ್‌ಸೈಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಕ್ಲೈನ್ ಎಂಬ ಯುವ ಮನೋವೈದ್ಯರು ಇಮಿಪ್ರಮಿನ್ ಎಂಬ ಹೊಸ ಮಾತ್ರೆಯನ್ನು ಇಂಥ ರೋಗಿಗಳಿಗೆ ಕೊಟ್ಟು ನೋಡಿದರು. ವಾರಗಳು ಕಳೆದವು. ಏನಾದರೂ ಗುಣ ಕಂಡಿದೆಯೇ ಎಂದು ಕೇಳಿದರೆ ರೋಗಿಯೇ ಇಲ್ಲವೆನ್ನುತ್ತಿದ್ದ. ವ್ಯತ್ಯಾಸವನ್ನು ಮೊದಲು ಕಂಡವರು ವಾರ್ಡಿನ ದಾದಿಯರು. ಸಾಯುತ್ತಿದ್ದೇನೆ ಎಂದು ದಿನಕ್ಕೆ ಹಲವು ಸಲ ಅವರ ಮೇಜಿನ ಬಳಿಗೆ ಓಡಿ ಬರುತ್ತಿದ್ದ ಮನುಷ್ಯ ಈಗ ಬರುತ್ತಿರಲಿಲ್ಲ. ಚಿಂತೆ ಹಾಗೆಯೇ ಇತ್ತು, ದಾಳಿ ನಿಂತಿತ್ತು. ಹಾಗಾದರೆ ಇವೆರಡೂ ಒಂದೇ ಅಲ್ಲ ಎಂದು ಕ್ಲೈನ್ ಅವರಿಗೆ ಹೊಳೆಯಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪ್ಯಾನಿಕ್ ಕಾಯಿಲೆಗೆ ಸ್ವಂತ ಜಾಗ ಸಿಕ್ಕಿತು.

ಅಮಿಗ್ಡಲಾವನ್ನೇ ತೆಗೆದುಬಿಟ್ಟರೆ ಈ ತಾಪತ್ರಯವೇ ಇರುವುದಿಲ್ಲವಲ್ಲ ಎನ್ನಿಸುವುದು ಸಹಜ. ಹಾಗೆ ಆಗಿರುವ ಒಬ್ಬ ಹೆಂಗಸು ಅಮೆರಿಕದಲ್ಲಿದ್ದಾರೆ. ಸಂಶೋಧಕರು ಅವರನ್ನು ಎಸ್.ಎಂ. ಎಂಬ ಅಕ್ಷರಗಳಿಂದ ಮಾತ್ರ ಕರೆಯುತ್ತಾರೆ. ಅಪರೂಪದ ಕಾಯಿಲೆಯೊಂದು ಅವರ ಎರಡೂ ಅಮಿಗ್ಡಲಾಗಳನ್ನು ನಾಶಮಾಡಿದೆ. ಹಾವುಗಳೂ ಇದ್ದ ಸಾಕುಪ್ರಾಣಿಗಳ ಅಂಗಡಿಗೆ ಕರೆದೊಯ್ದರೆ ಹಾವನ್ನು ಕೈಗೆತ್ತಿಕೊಂಡು ಸವರಿದರು. ದೆವ್ವದ ಮನೆಯೆಂದು ಹೆಸರಾದ ಕಟ್ಟಡದಲ್ಲಿ ರಾಕ್ಷಸವೇಷದವನು ಮೇಲೆರಗಿದಾಗ ನಗುತ್ತ ಅವನ ತಲೆಯನ್ನೇ ಬೆರಳಿಂದ ತಿವಿದರು. ಬೆಚ್ಚಿದ್ದು ಆ ವೇಷಧಾರಿ. ಕೇಳಲು ಸೊಗಸಾಗಿದೆ. ಆದರೆ ಯಾರಿಂದ ದೂರವಿರಬೇಕು ಎಂಬುದೇ ತಿಳಿಯದ ಈ ಹೆಂಗಸಿಗೆ ಕತ್ತಿಯನ್ನೂ ಪಿಸ್ತೂಲನ್ನೂ ತೋರಿಸಿ ಬೆದರಿಸಿದವರಿದ್ದಾರೆ. ಭಯವಿಲ್ಲದ ಬದುಕು ಎಷ್ಟು ಅಪಾಯದ ಬದುಕು ಎಂಬುದಕ್ಕೆ ಅವರೇ ಸಾಕ್ಷಿ.

2013ರಲ್ಲಿ ಪ್ರಕಟವಾದ ಪ್ರಯೋಗವೊಂದು ಇನ್ನೂ ಸೋಜಿಗದ್ದು. ಎಸ್.ಎಂ. ಅವರಿಗೆ ಮುಖವಾಡ ತೊಡಿಸಿ, ನೂರಕ್ಕೆ 35ರಷ್ಟು ಇಂಗಾಲದ ಡೈಆಕ್ಸೈಡ್ ಇದ್ದ ಗಾಳಿಯನ್ನು ಒಂದೇ ಒಂದು ಸಲ ಎಳೆದುಕೊಳ್ಳಲು ಹೇಳಿದರು. ಇವರಿಗೆ ಏನೂ ಆಗುವುದಿಲ್ಲ ಎಂದುಕೊಂಡಿದ್ದ ಸಂಶೋಧಕರೇ ದಂಗಾದರು. ಎಸ್.ಎಂ. ಮುಖವಾಡವನ್ನು ಕಿತ್ತುಹಾಕುವಂತೆ ಕೈಬೀಸಿ, ಸಹಾಯಕ್ಕೆ ಕೂಗಿದರು. ಅಂಥದೇ ಹಾನಿಯಿದ್ದ ಇನ್ನಿಬ್ಬರಿಗೂ ಹಾಗೆಯೇ ಆಯಿತು, ಹೋಲಿಕೆಗೆಂದು ಕೂರಿಸಿದ್ದ ಆರೋಗ್ಯವಂತರಲ್ಲಿ ಹೆಚ್ಚಿನವರಿಗೆ ಆಗಲಿಲ್ಲ. ಹಾವು, ದೆವ್ವ, ಪಿಸ್ತೂಲು ಹೊರಗಿನಿಂದ ಬರುವ ಭಯ, ಅದರ ಹಾದಿ ಅಮಿಗ್ಡಲಾದ ಮೂಲಕ. ಉಸಿರು ಕಟ್ಟಿತು ಎಂಬ ಭಯ ರಕ್ತದೊಳಗಿನಿಂದಲೇ ಏಳುತ್ತದೆ, ಅದಕ್ಕೆ ಬೇರೆಯೇ ಹಾದಿಯಿದೆ. ನಿದ್ದೆಯಲ್ಲಿ, ಅದೂ ಕನಸಿಲ್ಲದ ನಿದ್ದೆಯಲ್ಲಿ, ಮನುಷ್ಯ ದಡಕ್ಕನೆ ಎದ್ದು ಕೂರುವುದೇಕೆ ಎಂಬುದಕ್ಕೆ ಇಲ್ಲಿ ಒಂದು ಸುಳಿವಿರಬಹುದು.

ಇಷ್ಟೆಲ್ಲ ತಿಳಿದರೆ ದಾಳಿ ನಿಲ್ಲುತ್ತದೆಯೇ? ಗಾಜು ದಪ್ಪವಿದೆ ಎಂದು ತಿಳಿದಿದ್ದ ಡಾರ್ವಿನ್ ಹಾರಿಬಿಟ್ಟನಲ್ಲ! ತಿಳಿವು ಮೊದಲ ನೆಗೆತವನ್ನು ತಡೆಯಲಾರದು. ಆದರೆ ಹಾರಿದ ಮೇಲೆ ಅವನೇನು ಮಾಡಿದ ಎಂಬುದನ್ನು ಗಮನಿಸಬೇಕು. ನಾಚಿಕೊಂಡು ಮನೆಗೆ ಹೋಗಲಿಲ್ಲ. ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಆಣೆ ಮಾಡಲಿಲ್ಲ. ಎಲಾ, ಇದೇನಿದು ಎಂದು ಬೆರಗಾಗಿ, ಬರೆದಿಟ್ಟುಕೊಂಡ.

ಭಯಕ್ಕೂ ಬೆರಗಿಗೂ ಇರುವ ಈ ನಂಟಿಗೆ ಹಳೆಯ ಸುಳಿವೊಂದಿದೆ. ಭರತಮುನಿಯ ನಾಟ್ಯಶಾಸ್ತ್ರ ಎಂಟು ಸಾತ್ವಿಕ ಭಾವಗಳನ್ನು ಎಣಿಸುತ್ತದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ. ಮರಗಟ್ಟುವುದು, ಬೆವರುವುದು, ಮೈ ನವಿರೇಳುವುದು, ದನಿ ಒಡೆಯುವುದು, ನಡುಗುವುದು, ಬಣ್ಣಗೆಡುವುದು, ಕಣ್ಣೀರು, ಮೈಮರೆವು. ಇಂದಿನ ಮನೋವೈದ್ಯರ ಕೈಪಿಡಿಯಲ್ಲಿ ಪ್ಯಾನಿಕ್ ಅಟ್ಯಾಕ್‌ಗೆ ಕೊಟ್ಟಿರುವ 13 ಲಕ್ಷಣಗಳ ಪಕ್ಕದಲ್ಲಿ ಈ ಪಟ್ಟಿಯನ್ನಿಟ್ಟು ನೋಡಿದರೆ ಬೆವರು, ನಡುಕದಂಥವು ಎರಡರಲ್ಲೂ ಸಿಗುತ್ತವೆ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ಬೇರೆ. ಬೆವರು, ರೋಮಾಂಚಗಳು ಭಯಾನಕ ರಸಕ್ಕೆ ಹೇಗೋ ಅದ್ಭುತ ರಸಕ್ಕೂ ಹಾಗೆಯೇ ಸಲ್ಲುತ್ತವೆ. ರಾತ್ರಿಯ ಬಯಲಾಟದಲ್ಲಿ ಚೆಂಡೆ ಏರುತ್ತ ಏರುತ್ತ ತೆರೆಯ ಹಿಂದಿನಿಂದ ಬಣ್ಣದ ವೇಷ ಅಬ್ಬರಿಸಿದಾಗ ಮುಂದಿನ ಸಾಲಿನ ಹುಡುಗನಿಗೆ ಮೈ ಜುಮ್ಮೆನ್ನುವುದು ಯಾವುದಕ್ಕೆ, ಭಯಕ್ಕೋ ಬೆರಗಿಗೋ? ದೇಹಕ್ಕೆ ಗೊತ್ತಿರುವ ಭಾಷೆ ಸಣ್ಣದು, ಅದೇ ನಾಲ್ಕಾರು ಮಾತುಗಳಲ್ಲಿ ಅದು ಎಲ್ಲವನ್ನೂ ಹೇಳಬೇಕು. ಒಳಗೆ ಸ್ಥಾಯಿಯಾಗಿ ನಿಂತಿರುವುದು ಭಯವಾದರೆ ಒಂದು ರಸ, ವಿಸ್ಮಯವಾದರೆ ಇನ್ನೊಂದು.

ಈ ಅದಲುಬದಲನ್ನು ಚಿಕಿತ್ಸೆಯಾಗಿ ಮಾಡಿ ತೋರಿಸಿದವರಲ್ಲಿ ಆಸ್ಟ್ರೇಲಿಯಾದ ಕ್ಲೇರ್ ವೀಕ್ಸ್ ಒಬ್ಬರು. ಆಕೆಯೂ ಡಾರ್ವಿನ್‌ನಂತೆ ಜೀವವಿಜ್ಞಾನಿ, ಹಲ್ಲಿಗಳ ಗರ್ಭಧಾರಣೆಯ ಬಗ್ಗೆ ಸಂಶೋಧನೆ ಮಾಡಿದವರು. ತರುಣಿಯಾಗಿದ್ದಾಗ ಕ್ಷಯವಿದೆ ಎಂದು ತಪ್ಪಾಗಿ ಹೇಳಿದ ವೈದ್ಯರಿಂದಾಗಿ ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಎದೆಬಡಿತ ಕೇಳುತ್ತ ಬಿದ್ದಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿ ಬಂದಿದ್ದ ಗೆಳೆಯನೊಬ್ಬನ ಮುಂದೆ ಕೊನೆಗೊಮ್ಮೆ ಅದನ್ನು ಹೇಳಿಕೊಂಡಾಗ ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಕಂದಕಗಳಲ್ಲಿ ನಮಗೆಲ್ಲ ಹಾಗೆಯೇ ಆಗುತ್ತಿತ್ತು, ನೀನು ಹೆದರಿಕೆಗೇ ಹೆದರುತ್ತಿದ್ದೀ ಎಂದ. ಡ ಕೋಸ್ಟ ಕಂಡ ಸೈನಿಕನ ಹೃದಯ ಹೀಗೆ ಇನ್ನೊಬ್ಬ ಸೈನಿಕನ ಬಾಯಿಂದ ಆಕೆಗೆ ಅರ್ಥವಾಯಿತು. ಮುಂದೆ ವೀಕ್ಸ್ ವೈದ್ಯೆಯಾದರು. 1962ರಲ್ಲಿ ಬರೆದ ಪುಸ್ತಕ ಅವರನ್ನು ದೇಶವಿದೇಶಗಳ ಮನೆಮನೆಗೆ ಮುಟ್ಟಿಸಿತು. ಅವರ ಪ್ರಕಾರ ಭಯ ಎರಡು. ಮೊದಲನೆಯದು ಮಿಂಚಿನಂತೆ ತಾನಾಗಿ ಬರುವುದು, ಅದು ನಮ್ಮ ಕೈಯಲ್ಲಿಲ್ಲ. ಎರಡನೆಯದು ಅಯ್ಯೋ, ಇದೇನಾಯ್ತು ಎಂದು ನಾವು ಮೇಲೆ ಸುರಿಯುವುದು. ಎದುರಿಸು, ಒಪ್ಪಿಕೊ, ತೇಲು, ಕಾಲಕ್ಕೆ ಬಿಡು ಎಂಬ ನಾಲ್ಕು ಹೆಜ್ಜೆಗಳನ್ನು ಅವರು ಹೇಳಿಕೊಟ್ಟರು. ಹೋರಾಡು ಎಂದು ಅವರೆಲ್ಲೂ ಹೇಳಲಿಲ್ಲ. ಹೋರಾಟ ಕಂಡರೆ ಅಡ್ರಿನಲಿನ್‌ಗೆ ಇನ್ನಷ್ಟು ಹುಮ್ಮಸ್ಸು.

ತೇಲಲು ಒಂದು ಹಿಡಿಕೆ ಬೇಕಲ್ಲ, ಅದು ಉಸಿರು. ಹೃದಯಕ್ಕೆ ನಿಧಾನ ಎಂದು ನೇರವಾಗಿ ಹೇಳಲು ಬರುವುದಿಲ್ಲ, ಜಠರಕ್ಕೂ ಹೇಳಲು ಬರುವುದಿಲ್ಲ. ಉಸಿರೊಂದು ಮಾತ್ರ ನಾವು ಮರೆತಾಗ ತಾನೇ ನಡೆಯುತ್ತದೆ, ನೆನೆಸಿಕೊಂಡಾಗ ನಮ್ಮ ಮಾತು ಕೇಳುತ್ತದೆ. ಈಗಲೇ ಬೇಕಾದರೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ನೋಡಿಕೊಳ್ಳಿ. ಉಸಿರು ಒಳಗೆ ಹೋಗುವಾಗ ಬಡಿತ ತುಸು ಚುರುಕು, ಹೊರಗೆ ಬರುವಾಗ ತುಸು ನಿಧಾನ. ಅನೇಕರಿಗೆ ಬೆರಳಿಗೇ ತಿಳಿಯುವಷ್ಟು ವ್ಯತ್ಯಾಸ. ಮಿದುಳಿನಿಂದ ಹೊಟ್ಟೆಯವರೆಗೆ ಇಳಿದುಹೋಗುವ ವೇಗಸ್ ನರ ಈ ಕಡಿವಾಣ ಹಿಡಿದಿದೆ. ಆದ್ದರಿಂದ ದಾಳಿಯ ಹೊತ್ತಿನಲ್ಲಿ ದೊಡ್ಡ ದೊಡ್ಡ ಉಸಿರು ಎಳೆಯುವುದು ತರವಲ್ಲ, ಇಂಗಾಲದ ಡೈಆಕ್ಸೈಡ್ ಇನ್ನೂ ಇಳಿಯುತ್ತದೆ. ಸಣ್ಣದಾಗಿ ಒಳಗೆಳೆದು, ಉದ್ದವಾಗಿ, ಬಿಸಿ ಕಾಫಿ ಆರಿಸುವಷ್ಟು ಮೆಲ್ಲಗೆ ಹೊರಗೆ ಬಿಡಬೇಕು. ಸಿನಿಮಾಗಳಲ್ಲಿ ತೋರಿಸುವ ಕಾಗದದ ಚೀಲದೊಳಗೆ ಉಸಿರಾಡುವ ಉಪಾಯ ಬೇಡ, ಕಾಯಿಲೆ ಹೃದಯದ್ದೋ ಶ್ವಾಸಕೋಶದ್ದೋ ಆಗಿದ್ದರೆ ಅದು ಪ್ರಾಣಕ್ಕೇ ಎರವಾಗಬಹುದು.

ಹಾಗೆಯೇ, ಇದ್ದಲ್ಲಿಯೇ ಇರುವುದು ಮುಖ್ಯ. ಓಡಿಹೋದರೆ ಆ ಜಾಗವೇ ಅಪಾಯದ್ದು ಎಂದು ಕಾವಲುಗಾರ ಬರೆದಿಟ್ಟುಕೊಳ್ಳುತ್ತಾನೆ. ವಿರಾಟಪರ್ವದ ಉತ್ತರನನ್ನು ನೆನೆಯಿರಿ. ಅಂತಃಪುರದಲ್ಲಿ ಜಂಬ ಕೊಚ್ಚಿ ಹೊರಟ ಹುಡುಗ ಕೌರವಸೇನೆಯನ್ನು ಕಂಡದ್ದೇ ತಡ ರಥದಿಂದ ಧುಮುಕಿ ಓಡುತ್ತಾನೆ. ಆಟಗಳಲ್ಲಿ ಈ ಪ್ರಸಂಗಕ್ಕೆ ಜನ ಬಿದ್ದು ಬಿದ್ದು ನಗುತ್ತಾರೆ. ಬೃಹನ್ನಳೆ ಮಾಡುವುದನ್ನು ನೋಡಿ. ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಾಳೆ, ಆದರೆ ಮನೆಗೂ ಕಳಿಸುವುದಿಲ್ಲ, ಒಬ್ಬನನ್ನೇ ಸೇನೆಯ ಮುಂದೆ ದೂಡುವುದೂ ಇಲ್ಲ. ಮೊದಲು ಶಮೀವೃಕ್ಷದ ತನಕ ಕರೆದೊಯ್ದು, ತಾನು ಅರ್ಜುನನೆಂದು ತಿಳಿಸಿ ಧೈರ್ಯ ತುಂಬಿ, ಕೈಗೆ ರಥದ ಹಗ್ಗ ಕೊಟ್ಟು, ತಾನು ಜೊತೆಗೆ ನಿಂತು, ಮತ್ತೆ ಅದೇ ಸೇನೆಯ ಕಡೆಗೆ ನಡೆಸುತ್ತಾಳೆ. ಇಂದಿನ ಮನಶ್ಶಾಸ್ತ್ರಜ್ಞರು ಮಾಡಿಸುವುದೂ ಬಹುಮಟ್ಟಿಗೆ ಇದನ್ನೇ. ಹೆದರುವ ಜಾಗಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಕರೆದೊಯ್ಯುತ್ತಾರೆ. ತಿರುಗುವ ಕುರ್ಚಿಯಲ್ಲಿ ಕೂರಿಸಿ ಸುತ್ತಿಸುತ್ತಾರೆ, ಸ್ಟ್ರಾದಲ್ಲಿ ಉಸಿರಾಡಿಸುತ್ತಾರೆ, ಮೆಟ್ಟಿಲು ಓಡಿಸುತ್ತಾರೆ. ಬೇಕೆಂದೇ ಎದೆ ಹೊಡೆದುಕೊಳ್ಳುವಂತೆ ಮಾಡಿ, ನೋಡಿ, ಹೊಡೆದುಕೊಂಡಿತು, ಇಳಿಯಿತು ಎಂದು ದೇಹಕ್ಕೇ ತೋರಿಸಿಕೊಡುತ್ತಾರೆ. ಅದೇ ಅರ್ಜುನ ಮುಂದೆ ಕುರುಕ್ಷೇತ್ರದಲ್ಲಿ ಮೈ ನಡುಗಿ, ಬಾಯೊಣಗಿ, ಬಿಲ್ಲು ಜಾರಿ ಕುಸಿದು ಕೂತದ್ದನ್ನು ಮರೆಯಬಾರದು. ಉತ್ತರನನ್ನು ನೋಡಿ ನಕ್ಕವರು ಅಲ್ಲಿ ನಗುವುದಿಲ್ಲ.

ಮಾತ್ರೆಗಳೂ ಇವೆ. ಈಗ ಹೆಚ್ಚಾಗಿ ಕೊಡುವ ಮಾತ್ರೆಗಳು ಪರಿಣಾಮ ತೋರಲು ಕೆಲವು ವಾರ ಬೇಕು, ನಡುವೆ ಬಿಡಬಾರದು. ತಕ್ಷಣ ತಣ್ಣಗಾಗಿಸುವ ನಿದ್ದೆ ಗುಳಿಗೆಗಳು ಅಭ್ಯಾಸ ಹಿಡಿಸುತ್ತವೆ, ಮೆಡಿಕಲ್ ಸ್ಟೋರಿನವರನ್ನು ಕೇಳಿ ತಂದು ನುಂಗುವಂಥವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಎಂದರೆ ಇಂದಿಗೂ ದನಿ ತಗ್ಗಿಸುವವರಿದ್ದಾರೆ. ಅಲ್ಲಿಯ ತನಕ ಹೋಗಲಾಗದವರಿಗೆ 2022ರ ಅಕ್ಟೋಬರಿನಿಂದ ಟೆಲಿ ಮನಸ್ ಎಂಬ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಪಕ್ಕದಲ್ಲಿರುವವರು ಮಾಡಬೇಕಾದದ್ದು ಹೆಚ್ಚೇನಿಲ್ಲ. ಧೈರ್ಯವಾಗಿರು ಎಂದು ಉಪದೇಶಿಸದೆ, ಬೆನ್ನು ತಟ್ಟಿ ಗದರಿಸದೆ, "ನಾನಿಲ್ಲೇ ಇದ್ದೀನಿ, ಇಳಿಯುತ್ತೆ" ಎಂದು ಕೂತರೆ ಆಯಿತು.

ದಾಳಿಯ ನಡುವೆಯೇ ಯಾರಿಗೂ ಬೆರಗು ಹುಟ್ಟುವುದಿಲ್ಲ. ಆಗ ಉಸಿರೊಂದನ್ನು ಹಿಡಿದುಕೊಂಡರೆ ದೊಡ್ಡದು. ಬೆರಗು ಬರುವುದು ಆಮೇಲೆ, ನಿಧಾನವಾಗಿ, ನನ್ನ ದೇಹ ನನ್ನನ್ನು ಉಳಿಸಲೆಂದೇ ಇಷ್ಟು ರಂಪ ಮಾಡಿತು ಎಂದು ತಿಳಿದಾಗ. ಅಲ್ಲಿಯವರೆಗೆ ಶತ್ರುವಾಗಿದ್ದ ದೇಹ ಆಗ ಅತಿಯಾಗಿ ಕಾಳಜಿ ಮಾಡುವ ಮನೆಯ ಹಿರಿಯರ ಹಾಗೆ ಕಾಣತೊಡಗುತ್ತದೆ. ವೀಕ್ಸ್ ಕೂಡ ಎಂದೂ ದಾಳಿಯೇ ಬಾರದ ದಿನವನ್ನು ಗುಣವೆಂದು ಕರೆಯಲಿಲ್ಲ. ಬಂದರೂ ಅದು ಲೆಕ್ಕಕ್ಕೆ ಬಾರದಂತಾದರೆ ಅವರ ಪ್ರಕಾರ ಅದೇ ಗುಣ. ಬಾಗಿಲ ಪಕ್ಕದ ಕುರ್ಚಿ ಬಿಟ್ಟೇಳದ ಆ ಮನುಷ್ಯ ಇನ್ನೊಂದು ಮದುವೆಗೆ ಹೋಗುತ್ತಾರೆ. ಛತ್ರದ ನಡುವಿನ ಪಂಕ್ತಿಯಲ್ಲಿ ಕೂತು ಎಲೆಗೆ ಉಪ್ಪು ಬೀಳುವಷ್ಟರಲ್ಲಿ ಎದೆ ಮತ್ತೆ ಡವಡವ ಎನ್ನಬಹುದು. ಓಹ್, ಬಂದೆಯಾ ಎಂದುಕೊಂಡು ಅವರು ಉಸಿರು ಉದ್ದಕ್ಕೆ ಬಿಡುತ್ತಾರೆ. ಸಾರಿನ ಅನ್ನ ಮುಗಿಸುತ್ತಾರೆ. ಬಡಿಸುವವರು ಬಂದು, "ಸ್ವಾಮಿ, ಪಾಯಸ?" ಎಂದಾಗ ಎರಡನೆಯ ಸಲವೂ ಹಾಕಿಸಿಕೊಳ್ಳುತ್ತಾರೆ.